ಯಂತ್ರಗಳ ಪಟ್ಟಿಯಲ್ಲಿ ಇಲ್ಲದ ರತಿಭಾಯಿ

“ಬೆನ್, ಮಶೀನ್ ಎಲ್ಲಾ ಬರೆದಿದ್ದೀರಿ. ನಮ್ಮ ರತಿಭಾಯಿ ಎಲ್ಲಿ?” ಎಂದು ನನ್ನನ್ನು ತಂಗಿಯೆಂದು ಕರೆದು ಗುಜರಾತಿಯಲ್ಲಿ ಕೇಳಿ, ವಯಸ್ಸಾದ ಸೇಠರು ಪೆನ್ನು ಕೆಳಗಿಟ್ಟುಬಿಟ್ಟರು.

ತೊಂಬತ್ತರ ದಶಕದ ಮಾತು. ಸೂರತ್ತಿನ ಪಾಂಡೇಸರಾದಲ್ಲಿದ್ದ ಸೇಠರ, ಸೀರೆಗಳಿಗೆ ಬಣ್ಣ ಹಾಕುವ ಮಿಲ್ ಮಾರಾಟವಾಗುತ್ತಿತ್ತು. ಕೊಳ್ಳುವವರ ಪರವಾಗಿ ನಲವತ್ತು ಪುಟಗಳ ಕರಾರು ಬರೆದ ಹೊಸ ವಕೀಲೆ ನಾನು. ರತಿಭಾಯಿ ಮೊದಲಿನಿಂದಲೂ ಅಲ್ಲಿ ಬಣ್ಣ ಬೆರೆಸುತ್ತಿದ್ದ ಮೇಸ್ತ್ರಿ. ಬಾಗಿಲ ಬಳಿ ನಿಂತಿದ್ದ ಅವರ ಉಗುರುಗಳೆಲ್ಲ ನೀಲಿಯಾಗಿದ್ದವು.

ಕೆಲಸಗಾರರ ವಿಷಯ ಆಮೇಲೆ ನೋಡೋಣ ಎಂದರು ನನ್ನ ಕಕ್ಷಿದಾರರು. ಸೇಠರು ಪೆನ್ನು ಮುಟ್ಟಲಿಲ್ಲ. ನಾನು ಧೈರ್ಯ ಮಾಡಿ, ರತಿಭಾಯಿ ತಾವಾಗಿಯೇ ಬಿಡುವವರೆಗೆ ಅವರನ್ನು ತೆಗೆಯುವಂತಿಲ್ಲ ಎಂಬ ಸಾಲನ್ನು ಕೈಯಲ್ಲೇ ಬರೆದು ಕಕ್ಷಿದಾರರ ಮುಂದಿಟ್ಟೆ. “ಸಾಹೇಬ್, ಬಣ್ಣದ ಲೆಕ್ಕಾಚಾರ ಇವರೊಬ್ಬರಿಗೇ ಗೊತ್ತು,” ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಕೊನೆಗೆ ಆ ಸಾಲಿನ ಪಕ್ಕದಲ್ಲಿ ಸಹಿ ಹಾಕಿದರು. ಆಗ ಸೇಠರೂ ಪೆನ್ನು ಎತ್ತಿಕೊಂಡು ಸಹಿ ಮಾಡಿದರು. ರತಿಭಾಯಿ ಒಳಗೆ ಬಂದು, ಸೇಠರ ಕೈ ಹಿಡಿದುಕೊಂಡು ಅತ್ತರು.

ಮುಂದೆ ಅಹಮದಾಬಾದ್, ವಡೋದರಾಗಳಲ್ಲಿ ಎಷ್ಟೋ ಕರಾರು ಬರೆದೆ. ಕರಡು ಮುಗಿಸುವ ಮೊದಲು ಕಾರ್ಖಾನೆಗೆ ಹೋಗಿ, ದುಡಿಯುವವರನ್ನು ಮಾತಾಡಿಸಿ ಬರುವುದು ರೂಢಿಯಾಯಿತು. ಆ ಕರಾರುಗಳೆಲ್ಲ ಮರೆತುಹೋಗಿವೆ. ಆ ಕೆಲಸಗಾರರ ಮುಖಗಳು ಈಗಲೂ ಕಣ್ಣ ಮುಂದೆ ಬರುತ್ತವೆ.