ಆಕೆ ಕಲಿಸಿದ ‘ಬ್ರೇವ್‌ಲಿ’

ದೇವದುರ್ಗದಲ್ಲಿ ನನ್ನಷ್ಟು ಚೆನ್ನಾಗಿ ಇಂಗ್ಲಿಷ್ ಕಲಿಸುವವರಿಲ್ಲ ಅಂತ ಹನ್ನೊಂದು ವರ್ಷ ನಂಬಿಕೊಂಡಿದ್ದೆ. ರಾಯಚೂರಿನಲ್ಲಿ ಓದಿ ಬಂದವಳು, ಸ್ವಲ್ಪ ಜಂಬ ಇತ್ತು. ನನ್ನ ಪದ್ಧತಿ ಸರಳ. ಬೋರ್ಡಿನ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. “ಬ್ರೇವ್‌ಲಿ ಅಂದ್ರ?” ಅಂದರೆ ಇಡೀ ಒಂಬತ್ತನೇ ತರಗತಿ “ಧೈರ್ಯದಿಂದ!” ಅಂತ ಕೂಗಬೇಕು. ಅದೇ ಅರ್ಥ ನೋಟ್‌ಬುಕ್ಕಿನಲ್ಲಿ ಇಳಿದಿರಬೇಕು, ಕೆಳಗೆ ನನ್ನ ಕೆಂಪು ಸಹಿ. ತಪಾಸಣೆಗೆ ಬರುವವರೂ ಅದನ್ನೇ ನೋಡುತ್ತಾರೆ.

ಹನ್ನೊಂದನೆಯ ವರ್ಷ ಮಾನ್ವಿ ತಾಲೂಕಿನ ಪೋತ್ನಾಳದಿಂದ ಅತಿಥಿ ಶಿಕ್ಷಕಿಯೊಬ್ಬಳು ಬಂದಳು. ಹೆಡ್‌ಮಾಸ್ತರರು ನನ್ನ ಒಂಬತ್ತನೇ ತರಗತಿಯನ್ನೇ ಆಕೆಗೆ ಕೊಟ್ಟರು. ಆಕೆಯ ತಾಯಿ ಭತ್ತದ ಗದ್ದೆಗೆ ನಾಟಿ ಮಾಡಲು ಹೋಗುವವರು. ಆಕೆಯ ಇಂಗ್ಲಿಷ್ ಉಚ್ಚಾರ ನನ್ನಷ್ಟು ಸಾಫ್ ಇರಲಿಲ್ಲ. ಅದನ್ನು ಸ್ಟಾಫ್ ರೂಮಿನಲ್ಲಿ ನಾಲ್ಕು ಜನರಿಗೆ ಹೇಳಿಯೂ ಇದ್ದೆ.

ಒಂದು ದಿನ ವರಾಂಡದಲ್ಲಿ ಹೋಗುತ್ತಿದ್ದಾಗ ಆಕೆಯ ಪಾಠ ಕಿವಿಗೆ ಬಿತ್ತು.

“ಬ್ರೇವ್ ಅಂದ್ರ ಮನಷ್ಯಾ ಎಂಥಾಂವ ಅಂತ ಹೇಳ್ತದ. ಬ್ರೇವ್‌ಲಿ ಅಂದ್ರ ಕೆಲಸ ಹೆಂಗ ಮಾಡಿದ ಅಂತ. ಅಂಜುಬುರುಕರೂ ಒಂದೊಂದು ಕೆಲಸ ಬ್ರೇವ್‌ಲಿ ಮಾಡ್ತಾರ. ನಿಮ್ಮ ಮನ್ಯಾಗ ಯಾರ್ ಏನ್ ಮಾಡ್ಯಾರ, ಹೇಳ್ರಿ ನೋಡೋಣು.”

ಒಬ್ಬ ಹುಡುಗ ಎದ್ದ. ಆಸ್ಪತ್ರೆಯ ಕೌಂಟರಿನಲ್ಲಿ ಎಲ್ಲರೆದುರು ಅವನ ಅಪ್ಪ “ನನಗ ಓದಾಕ ಬರಂಗಿಲ್ರಿ, ನೀವ ಓದಿ ಹೇಳ್ರಿ” ಅಂದಿದ್ದನ್ನು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದ. ಅವನು ಕೂರುವಷ್ಟರಲ್ಲಿ ಹತ್ತು ಕೈ ಮೇಲೆದ್ದವು. ನನ್ನ ಪಾಠದಲ್ಲಿ ಕೂಗುತ್ತಿದ್ದರು, ಕೈ ಎತ್ತಿದವರಿಲ್ಲ. ಅಲ್ಲಿ ನಿಲ್ಲಲಾರದೆ ಸ್ಟಾಫ್ ರೂಮಿಗೆ ನಡೆದೆ.

ಮರುದಿನ ಆ ಮಕ್ಕಳ ನಾಲ್ಕು ನೋಟ್‌ಬುಕ್ ಹಿಡಿದು ಹೆಡ್‌ಮಾಸ್ತರರ ಮುಂದೆ ನಿಂತೆ. “ಒಂದು ಅರ್ಥಾನೂ ಬರಸಿಲ್ರಿ ಸರ್. ತಪಾಸಣಿಗೆ ಬಂದ್ರ ಏನ್ ತೋರಸ್ತೀರಿ?” ಆಕೆ ಪಾಠ ಮಾಡುತ್ತಿಲ್ಲ ಅಂತ ನಾನು ಹೇಳಲಿಲ್ಲ. ಖಾಲಿ ಪುಟ ನೋಡಿ ಅವರೇ ಹಾಗೆ ತಿಳಿದುಕೊಂಡರು. ತರಗತಿ ನನಗೆ ವಾಪಸು ಬಂತು, ಆಕೆಗೆ ಎಂಟನೆಯವರ ಕಾಪಿ ತಿದ್ದುವ ಕೆಲಸ.

ಆಕೆ ಜಗಳಕ್ಕೆ ಬರಲಿಲ್ಲ. “ಹುಡುಗ್ರು ಭಾಳ ಚಲೋ ಅದಾರ್ರಿ ಮೇಡಂ” ಅಂದಳು, ಅಷ್ಟೇ. ಅದಕ್ಕೂ ನನಗೆ ಉರಿಯಿತು.

ಸೋಮವಾರ ಹಾಜರಿ ಕರೆದು ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ನನ್ನೆದುರು ಎಂದೂ ಬಾಯಿ ಬಿಡದವಳು.

“ಟೀಚರ್, ಅರ್ಥ ಎಲ್ಲಾ ನಾವು ಬರಕೋತೀವ್ರಿ. ಆ ಟೀಚರ್ನ ತಿರುಗಿ ಕಳಸ್ರಿ. ನೀವ ಹೇಳಿ ಬಿಡಿಸಿದ್ದು ನಮಗ ಗೊತ್ತದ.”

ಮುಚ್ಚಿಟ್ಟ ಹಾಜರಿ ಪುಸ್ತಕವನ್ನು ಮತ್ತೆ ತೆರೆದೆ. ನಾಚಿಕೆ ಆಯಿತು ನಿಜ, ಆದರೆ ಅದು ಆಮೇಲೆ, ಮನೆಗೆ ಹೋದ ಮೇಲೆ. ಆ ಹುಡುಗಿಯ ಮುಖ ನೋಡುತ್ತ ನಿಂತಾಗ ನನಗೆ ಮೊದಲು ಅನ್ನಿಸಿದ್ದು, ಇದನ್ನೂ ಆಕೆಯೇ ಕಲಿಸಿಬಿಟ್ಟಳಲ್ಲ ಅಂತ.