ನೋರಮ್ಮನ ಬೆಳ್ಳಿ ಉಂಗುರ

ನೋರಮ್ಮ ಉಂಗುರವನ್ನು ಬೆರಳಿಗೆ ಹಾಕುತ್ತಿರಲಿಲ್ಲ, ಎದೆಗೆ ಚುಚ್ಚಿಕೊಳ್ಳುತ್ತಿದ್ದರು. ಸ್ವೆಟರಿನ ಎಡಗಡೆ ಒಂದು ಪುಟ್ಟ ಬೆಳ್ಳಿಯ ಸುತ್ತು. ಐರ್ಲೆಂಡಿನಲ್ಲಿ ಅದನ್ನು ಧರಿಸಿದರೆ, 'ನನ್ನ ಜೊತೆ ಐರಿಷಿನಲ್ಲಿ ಮಾತಾಡಿ' ಎಂದು ಊರಿಗೆಲ್ಲ ಸಾರಿದ ಹಾಗೆ.

ಡಬ್ಲಿನ್ನಿನ ಅಂಚಿನ ಸಿಟಿವೆಸ್ಟ್ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನಾನು ಅಡುಗೆಯವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆದು, ಸೌಟು ಹಿಡಿದು, ಇಲ್ಲಿಯವರೆಗೆ ಬಂದವನು. ನನ್ನ ಗಂಜಿಯಲ್ಲಿ ಗಂಟು ಸಿಕ್ಕಿತೆಂದು ಇವತ್ತಿನವರೆಗೆ ಯಾರೂ ಹೇಳಿಲ್ಲ. ನೋರಮ್ಮ ಅಲ್ಲಿನ ಕಿಟಕಿ ಕೋಣೆಯಲ್ಲಿದ್ದರು. ಐರಿಷ್ ಇನ್ನೂ ಮನೆಮಾತಾಗಿರುವ ಪಶ್ಚಿಮ ಕಡಲಂಚಿನ ಹಳ್ಳಿಯವರು. ಹುಡುಗಿಯಾಗಿದ್ದಾಗಲೇ ಡಬ್ಲಿನ್ನಿಗೆ ಮನೆಗೆಲಸಕ್ಕೆ ಬಂದಿದ್ದರು. 'ನಿನ್ನ ಭಾಷೆ ಹಿತ್ತಿಲಲ್ಲೇ ಬಿಟ್ಟು ಒಳಗೆ ಬಾ' ಎಂದಿದ್ದಳಂತೆ ಮನೆಯೊಡತಿ. "ಬಿಡ್ತೀನಾ? ಅವಳ ಪಾತ್ರೆಗಳಿಗೆಲ್ಲ ಐರಿಷಲ್ಲೇ ಬೈಕೊಂಡು ತೊಳೆದೆ" ಎಂದು ನಗುತ್ತಿದ್ದರು.

ನಮ್ಮ ಪರಿಚಯವೂ ಬೈಗುಳದಿಂದಲೇ ಶುರುವಾಯಿತು. ಊಟದ ಕೋಣೆಯಲ್ಲಿ ತಟ್ಟೆ ಎತ್ತುತ್ತಿದ್ದಾಗ ಹೆಂಡತಿಯ ಫೋನು ಬಂತು. ನೋರಮ್ಮನನ್ನು ಕಂಡದ್ದೇ ದನಿ ತಗ್ಗಿಸಿ, ಅರ್ಧಕ್ಕೇ ಇಟ್ಟುಬಿಟ್ಟೆ.

"ಯಾವ ಭಾಷೆ ಅದು?" ಎಂದರು.

"ಇಂಡಿಯನ್" ಎಂದೆ. ಕನ್ನಡ ಎಂದರೆ ಇವರಿಗೇನು ಗೊತ್ತು ಎಂಬ ಲೆಕ್ಕ ನನ್ನದು.

"ಓಹೋ! ಹಾಗಾದ್ರೆ ನಾನು ಮಾತಾಡೋದು ಯುರೋಪಿಯನ್. ಹೆಸರಿಲ್ವೇನೋ ನಿನ್ನ ಭಾಷೆಗೆ?"

ಹೇಳಿದೆ. 'ಕನ್ನಡ' ಎಂದು ತಾವೂ ನಾಲ್ಕು ಸಲ ಹೇಳಿಕೊಂಡರು. ಆಮೇಲೆ ಒಂದು ಕೊಡುಕೊಳ್ಳುವಿಕೆ ಶುರುವಾಯಿತು. ಅವರು ನನ್ನನ್ನು 'ಅ ವಿಕ್' ಎಂದು ಕರೆಯುತ್ತಿದ್ದರು. ಐರಿಷಿನಲ್ಲಿ ಹಾಗೆಂದರೆ 'ಮಗನೇ'. ನಾನು ಅವರಿಗೆ 'ಊಟ ಆಯ್ತಾ' ಕಲಿಸಿದೆ. "ನೀವು ಇದನ್ನ ಸಿಕ್ಕಿದವರಿಗೆಲ್ಲ ಕೇಳ್ತೀರಾ? ಒಳ್ಳೆ ಜನ ಬಿಡು" ಎಂದರು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ, ಎದುರಿಗೆ ತಟ್ಟೆ ಇದ್ದರೂ ಇಲ್ಲದಿದ್ದರೂ, ಅದೇ ಪ್ರಶ್ನೆ.

ಒಂದು ಚಳಿಗಾಲ ಅವರಿಗೆ ಸಣ್ಣದಾಗಿ ಸ್ಟ್ರೋಕ್ ಹೊಡೆಯಿತು. ಕೈಕಾಲು ಚೇತರಿಸಿಕೊಂಡವು. ಐರಿಷ್ ಪೂರ್ತಿ ಉಳಿಯಿತು, ಇಂಗ್ಲಿಷ್ ಮಾತ್ರ ಚೂರುಚೂರಾಗಿ ಬರುತ್ತಿತ್ತು. ಜ್ಞಾಪಕಶಕ್ತಿಯ ಪರೀಕ್ಷೆ ಇಂಗ್ಲಿಷಿನಲ್ಲಿ ನಡೆಯಿತು. ನೋರಮ್ಮ ಬಾಯಿ ಬಿಡಲಿಲ್ಲ. ಉಂಗುರದ ಮೇಲೆ ಬೆರಳಿಟ್ಟು ಕುಳಿತರು. ಅವರಿಗೆ ಬುದ್ಧಿ ಸ್ತಿಮಿತದಲ್ಲಿಲ್ಲ, ಬಾಗಿಲಿಗೆ ಬೀಗವಿರುವ ವಿಭಾಗಕ್ಕೆ ಸಾಗಿಸಬೇಕು ಎಂದು ಮ್ಯಾನೇಜರ್ ಹೇಳಿದರು. ಅಲ್ಲಿಗೆ ಹೋದವರು ಕಿಟಕಿಯ ಕಡೆ ಮರಳಿದ್ದನ್ನು ನಾನು ನೋಡಿಲ್ಲ.

ಸರ್ಕಾರಿ ಆಸ್ಪತ್ರೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರ್ ಶೈಲಜಾ ದಾವಣಗೆರೆಯವರು. ಕಾರಿಡಾರಿನಲ್ಲಿ ಟೀ ಕೊಡುತ್ತಾ, "ಮೇಡಂ, ನೋರಮ್ಮ ಆ ಉಂಗುರ ತೋರಿಸ್ತಿರೋದು ಸುಮ್ನೆ ಅಲ್ಲ. ಐರಿಷಲ್ಲಿ ಕೇಳಿ ಅಂತಿದಾರೆ" ಎಂದೆ.

ಡಾಕ್ಟರು ಟೀ ಕೆಳಗಿಟ್ಟರು. "ಅಯ್ಯೋ ಹೌದಲ್ರೀ! ನಮ್ಮಜ್ಜಿನ ಇಂಗ್ಲಿಷಲ್ಲಿ ಕೇಳಿದ್ರೆ ತನ್ನ ಹೆಸ್ರೂ ಹೇಳ್ತಿರ್ಲಿಲ್ಲ."

"ಇಷ್ಟು ವರ್ಷ ಇಂಗ್ಲಿಷಲ್ಲೇ ಬದುಕಿದಾರಲ್ಲ?" ಎಂದು ಮ್ಯಾನೇಜರ್ ತಕರಾರು ತೆಗೆದಾಗ ಡಾಕ್ಟರು ಬಗ್ಗಲಿಲ್ಲ. "ಅವರ ದೇಶ, ಅವರ ಭಾಷೆ. ಕೇಳೋ ಹಕ್ಕು ಅವರಿಗಿದೆ. ಐರಿಷಲ್ಲಿ ಪರೀಕ್ಷೆ ಆಗೋವರೆಗೆ ಆ ಕೋಣೆ ಖಾಲಿ ಮಾಡಿಸ್ಬೇಡಿ."

ಮುಂದಿನ ವಾರ ಐರಿಷ್ ಬಲ್ಲ ನರ್ಸೊಬ್ಬರನ್ನು ಕರೆತಂದರು. ಟ್ರಾಲಿ ನೆಪ ಮಾಡಿಕೊಂಡು ನಾನು ಬಾಗಿಲಲ್ಲೇ ನಿಂತೆ. ನೋರಮ್ಮ ತಲೆ ಬಾಚಿಸಿಕೊಂಡು, ಉಂಗುರ ಒರೆಸಿಕೊಂಡು, ಮದುವೆಗೆ ಹೊರಟವರ ಹಾಗೆ ಕೂತಿದ್ದರು. ತಿಂಗಳು ಯಾವುದು, ಊರು ಯಾವುದು? ನರ್ಸಿನ ಪ್ರಶ್ನೆ ಮುಗಿಯುವ ಮುಂಚೆ ಉತ್ತರ. ಕೊನೆಗೆ, ಮನಸ್ಸಿಗೆ ಬಂದ ಒಂದು ವಾಕ್ಯ ಹೇಳಿ ಎಂದರು. ನೋರಮ್ಮ ನನ್ನ ಕಡೆ ತಿರುಗಿ ಏನೋ ಅಂದರು. ನರ್ಸಿಗೆ ನಗು ತಡೆಯಲಾಗಲಿಲ್ಲ.

"ಇವತ್ತಿನ ಗಂಜಿಗೆ ಉಪ್ಪು ಕಮ್ಮಿ ಅಂತಿದಾರೆ."

ಡಾಕ್ಟರು ನನ್ನತ್ತ ನೋಡಿದರು. "ನಿಜಾನೇನ್ರೀ?"

"ನಿಜ ಮೇಡಂ" ಎಂದೆ. ನನ್ನ ಅಡುಗೆಗೆ ಹೆಸರಿಟ್ಟರೆ ಸಹಿಸುವ ಜಾತಿಯವನಲ್ಲ ನಾನು. ಆದರೆ ಅವತ್ತು ಎದೆಯುಬ್ಬಿತು.

ಕಿಟಕಿ ಕೋಣೆ ನೋರಮ್ಮನಿಗೇ ಉಳಿಯಿತು. ಮರುವರ್ಷದ ವಸಂತದಲ್ಲಿ ಅಲ್ಲಿಯೇ ತೀರಿಕೊಂಡರು. ಕೊನೆಯ ಸಲ ಸೂಪು ಒಯ್ದಾಗ ಒಂದು ಚಮಚವೂ ಒಳಗಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡೇ ನನ್ನನ್ನು ಕೇಳಿದರು: "ಊಟ ಆಯ್ತಾ, ಅ ವಿಕ್?"

ಉಂಗುರವನ್ನು ಅವರ ಜೊತೆಯಲ್ಲೇ ಮಣ್ಣು ಮಾಡಿದರು.

ಮರುದಿನ ಬೆಳಿಗ್ಗೆ ಗಂಜಿ ತಿರುವಿ, ರುಚಿ ನೋಡಿ, ಒಂದು ಚಿಟಿಕೆ ಉದುರಿಸಿದೆ. "ಈಗ ಸರಿಯಾಯ್ತು ನೋಡಿ, ಅಮ್ಮ" ಎಂಬ ಮಾತು ಗಟ್ಟಿಯಾಗಿಯೇ ಬಾಯಿಂದ ಬಂತು. ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಹೊಸ ಹೆಂಗಸು ತಲೆಯೆತ್ತಿದಳು.

"ಗ್ರ್ಯಾಂಡ್ ಆಗಿ ಕೇಳ್ಸುತ್ತೆ. ಯಾವ ಭಾಷೆ ಅದು?"

ಸೌಟು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ನೆಟ್ಟಗೆ ನಿಂತು ಹೇಳಿದೆ.

"ಕನ್ನಡ."