ನಾಲ್ಕು ಬೆರಳ ಮೋಟು

ಹುಲ್ಲು ಕೊಯ್ಯುವುದರಲ್ಲಿ ನನ್ನನ್ನು ಮೀರಿಸುವವರು ಕೋಣನಕುಂಟೆಯಲ್ಲೇ ಇರಲಿಲ್ಲ. ಜಂಬ ಅನ್ನಿ, ಏನಾದರೂ ಅನ್ನಿ, ಇದ್ದ ಮಾತು ಹೇಳಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಆ ಊರಿಗೆ ಸೊಸೆಯಾಗಿ ಬಂದವಳು ನಾನು. ಬದುವಿನ ಗರಿಕೆಯನ್ನು ನಾನು ಸವರಿ ಎದ್ದರೆ ನೆಲಕ್ಕೆ ಕ್ಷೌರ ಮಾಡಿದ ಹಾಗಿರುತ್ತಿತ್ತು. ನಮ್ಮವರಲ್ಲಿ ಹೆಣ್ಣಿನ ಕೈ ಅಳೆಯುತ್ತಿದ್ದದ್ದೇ ಹಾಗೆ. ಬುಡ ಬಿಟ್ಟು ಕೊಯ್ದವಳನ್ನು ಮೈಗಳ್ಳಿ ಅನ್ನುತ್ತಿದ್ದರು.

ತವರಿನಿಂದ ಬಳುವಳಿಯಾಗಿ ನನ್ನ ಜೊತೆ ಒಂದು ಸೀಮೆಹಸು ಬಂದಿತ್ತು. ಹಾಲೇನೋ ಧಾರಾಳ, ಆದರೆ ಹೊಟ್ಟೆ ಅಂದರೆ ಹೊಟ್ಟೆ! ಬೇಸಿಗೆಯಲ್ಲಿ ಹಸಿಮೇವಿಗೆ ತತ್ವಾರ. ಗಂಡ ಫ್ಯಾಕ್ಟರಿಗೆ ಹೋಗುತ್ತಿದ್ದರು, ಕೊಟ್ಟಿಗೆಯಲ್ಲಿ ಅತ್ತೆಯದೇ ಮಾತು. ಮೊದಲ ಬೇಸಿಗೆಯಲ್ಲೇ ಅವರು ರಾಗ ತೆಗೆದರು.

"ಇದನ್ನ ಸಾಕೋದೂ ಒಂದೇ, ಆನೆ ಸಾಕೋದೂ ಒಂದೇ ಕಣೇ. ಮಡಿವಾಳದ ಕಡೆಯೋರು ಕೇಳ್ತಾವ್ರೆ, ಕೊಟ್ಬಿಡಾನ."

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಜೀವ. ಅಳುತ್ತಾ ಕೂರುವವಳಲ್ಲ ನಾನು. ಜಯನಗರದಲ್ಲಿ ನಾವು ಹಾಲು ಹಾಕುತ್ತಿದ್ದ ಮನೆಯ ಯಜಮಾನರು ಮೇವಿನ ಫಾರಂನಲ್ಲಿ ದುಡಿದು ರಿಟೈರ್ ಆದವರು. ಅವರ ಹತ್ತಿರ ಕಷ್ಟ ಹೇಳಿಕೊಂಡೆ. ಮಳೆ ಬಿದ್ದು ಬದುವಿನಲ್ಲಿ ಹುಲ್ಲು ಎದ್ದ ಮೇಲೆ ಅತ್ತೆ ಮಾರುವ ಮಾತನ್ನು ಸದ್ಯಕ್ಕೆ ಬಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಊಟಿ ಕಡೆಯಿಂದ ಚಳಿದೇಶದ ಹುಲ್ಲಿನ ಬೀಜ ತರಿಸಿಕೊಟ್ಟರು.

ಬಾವಿಯ ಪಕ್ಕದ ತುಂಡು ಹೊಲಕ್ಕೆ ಚೆಲ್ಲಿದೆವು. ಚಳಿಗೆ ಅದು ಬೆಳೆದದ್ದನ್ನು ನೋಡಬೇಕಿತ್ತು! ನಡುವೆ ಒಂದು ಕಾಲುದಾರಿ, ಅದರ ಆಚೆ ಅತ್ತೆ ಕೊಯ್ಯುವುದು, ಈಚೆ ನಾನು. ಅವರಿಗೆ ಸೊಂಟ ನೋವು, ಬಗ್ಗಲಾರರು, ಮೇಲೆ ಮೇಲೆ ಕೊಯ್ದು ಮೋಟು ಬಿಡುತ್ತಿದ್ದರು. ನನ್ನ ಕಡೆ ಮಾತ್ರ ಅಂಗಳದಂತೆ ನುಣ್ಣಗೆ. "ಅತ್ತೆ ಕೊಯ್ದಿದ್ದು ನೋಡಕ್ಕ, ಇಲಿ ಕಡ್ದಂಗೈತೆ" ಎಂದು ಪಕ್ಕದ ಮನೆಯಾಕೆಯ ಜೊತೆ ನಕ್ಕಿದ್ದೂ ಉಂಟು.

ಶಿವರಾತ್ರಿ ಕಳೆದು ಚಳಿ ಶಿವಶಿವಾ ಅಂತ ಹೋದದ್ದೇ ತಡ, ಹುಲ್ಲು ಕಂದತೊಡಗಿತು. ಯುಗಾದಿಯ ಹೊತ್ತಿಗೆ ಇಡೀ ಹೊಲ ಒಣಗಿ ತರಗು. ಹೊಸ ಚಿಗುರು ಬರಲಿ ಎಂದು ನನ್ನ ಕಡೆಯ ಒಣಗಿದ್ದನ್ನೆಲ್ಲ ಇನ್ನೊಮ್ಮೆ ಬುಡಮಟ್ಟ ಸವರಿದೆ. ಅತ್ತೆ ತಮ್ಮ ಕಡೆ ಕಾಲಿಡಲೇ ಇಲ್ಲ.

"ಸತ್ತಿರೋ ಹುಲ್ಲಿಗೆ ಎಷ್ಟು ದಿನ ಕಾಯೋದು? ಹಸು ಕೊಟ್ಬಿಡಾನ" ಎಂದರು.

"ಮಳೆ ತನಕ ತಡೀರಿ ಅತ್ತೆ. ಹುಲ್ಲು ಚಿಗುರ್ಲಿಲ್ಲ ಅಂದ್ರೆ ನಾನೇ ಹಗ್ಗ ಬಿಚ್ಚಿ ಕೊಡ್ತೀನಿ" ಎಂದೆ. ಬಾಯಿ ನೋಡಿ ನನ್ನದು!

ಮಾರನೆಯ ದಿನವೇ ಜಯನಗರಕ್ಕೆ ಓಡಿದೆ. ಆ ವಾರ ಅತ್ತೆ ಸುಬ್ರಹ್ಮಣ್ಯಪುರದ ಮಗಳ ಮನೆಗೆ ಹೋಗಿದ್ದಾಗ ಜಯನಗರದ ಯಜಮಾನರು ಸ್ಕೂಟರಿನಲ್ಲಿ ಬಂದರು. ಹೊಲದಲ್ಲಿ ಅತ್ತೆ ಕೊಯ್ದ ಕಡೆ ಕುಕ್ಕರಗಾಲಲ್ಲಿ ಕೂತು ಒಣಮೋಟು ಬಿಡಿಸಿ ತೋರಿಸಿದರು. ಒಳಗೆ ಬುಡ ಬೆಳ್ಳಗೆ, ಈರುಳ್ಳಿಯ ಬುಡದಂತೆ ತಂಪಾಗಿತ್ತು.

"ಸತ್ತಿಲ್ಲ ಕಣಮ್ಮ, ನಿದ್ದೆ ಮಾಡ್ತಿದೆ. ಎಲೆ ಇದ್ರೆ ನೀರು ಆರಿಹೋಗುತ್ತೆ ಅಂತ ಎಲೆ ಒಣಗಿಸ್ಕೊಂಡು ಜೀವಾನ ಬುಡದಲ್ಲಿ ಹಿಡ್ಕೊಂಡಿದೆ. ಇನ್ನು ಮುಟ್ಬೇಡಿ. ಹದಿನೈದು ದಿನಕ್ಕೊಂದ್ಸಲ ಬುಡ ಒದ್ದೆ ಮಾಡಿ, ಸಾಕು."

ಆಮೇಲೆ ನನ್ನ ಕಡೆ ಬಂದು ನೆಲದ ಮೇಲೆ ಅಂಗೈ ಆಡಿಸಿದರು.

"ಇದನ್ಯಾರು ಕೊಯ್ದಿದ್ದು?"

"ನಾನೇ ಸಾರ್" ಎಂದೆ, ಹೊಗಳುತ್ತಾರೆ ಅಂತ.

"ಗರಿಕೆ ಆದ್ರೆ ಬಳ್ಳಿ ನೆಲದೊಳಗೆ ಓಡಿರುತ್ತೆ, ಹೇಗೆ ಕೊಯ್ದ್ರೂ ಬರುತ್ತೆ. ಇದು ಚಳೀಲಿ ಕೂಡಿಟ್ಟಿದ್ದೆಲ್ಲ ಬುಡದ ನಾಲ್ಕು ಬೆರಳಷ್ಟು ಮೋಟಲ್ಲಿ ಇರುತ್ತೆ. ಅದನ್ನೇ ತೆಗೆದುಬಿಟ್ರೆ ಬೇಸಿಗೆ ಪೂರ್ತಿ ಅದು ಏನು ತಿಂದು ಬದುಕ್ಬೇಕು?"

ನಾನು ಒಪ್ಪಲಿಲ್ಲ. ಹೋಗಪ್ಪ, ನನ್ನ ಕೈಯಿಂದ ಕೆಡುವುದುಂಟೇ ಅಂದುಕೊಂಡೆ. ಆದರೂ ಹೇಳಿದ ಹಾಗೆ ಎರಡೂ ಕಡೆ ನೀರು ಹೊತ್ತು ಹಾಕಿದೆ. ನನ್ನ ಕಡೆಗೆ ಒಂದೊಂದು ಬಿಂದಿಗೆ ಹೆಚ್ಚೇ ಹಾಕಿದೆ, ಸುಳ್ಳೇಕೆ ಹೇಳಲಿ.

ಆರಿದ್ರಾ ಮಳೆ ಮೂರು ದಿನ ಹಿಡಿದು ಹೊಯ್ದು ಬಿಟ್ಟಿತು. ವಾರ ಕಳೆದು ನೋಡಿದರೆ ಅತ್ತೆಯ ಕಡೆ ಮೋಟು ಮೋಟಿನಿಂದಲೂ ಹಸಿರು ಉಕ್ಕಿತ್ತು. ನನ್ನ ಕಡೆ ಬರೀ ಕೆಸರು. ಬೆರಳು ಹಾಕಿ ಬಗೆದೆ, ಬುಡ ಕೊಳೆತು ಕೈಗೆ ಬಂತು.

ಅಷ್ಟರಲ್ಲಿ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಬಂದರು. ಎರಡೂ ಕಡೆ ನೋಡಿದರು.

"ಚಿಗುರಿರೋದು ನಿಮ್ದು ಅತ್ತೆ" ಎಂದೆ. "ನನ್ದನ್ನ ನಾನೇ ಬುಡ ಕೊಯ್ದು ಸಾಯಿಸ್ದೆ. ನಿಮ್ಮ ಕೊಯ್ಲು ನೋಡಿ ಆಡ್ಕೊಂಡು ನಗ್ತಿದ್ದೆ. ನನ್ನ ಪಾಲಿಂದು ಚಿಗುರ್ಲಿಲ್ಲ, ಮಾತು ಕೊಟ್ಟಿದ್ದೀನಿ, ಹಗ್ಗ ಬಿಚ್ತೀನಿ."

"ನಗ್ತಿದ್ದಿದ್ದು ಗೊತ್ತು ಕಣೇ, ನಂಗೇನು ಕಿವುಡಾ?" ಎಂದರು. "ಹಗ್ಗ ಬಿಚ್ಬೇಡ. ನನ್ನ ಪಾಲಿಂದು ತಿನ್ಕೊಂಡಿರ್ಲಿ ಅದು."

ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಯಾರ ಎದುರೂ ಕಣ್ಣೀರು ಹಾಕಿದವಳಲ್ಲ ನಾನು. ಆವತ್ತು ಅವರ ಎದುರೇ ಕೆಸರಿನಲ್ಲಿ ಕೂತು ಅತ್ತುಬಿಟ್ಟೆ.